ಗಸ್ತು ದೋಣಿಯ ಹಿಂದಿನ ಸದ್ದು

ಚನ್ನಗಿರಿಯ ನಮ್ಮ ವರ್ಕ್‌ಶಾಪಿನಲ್ಲಿ ಅಡಿಕೆ ಸುಲಿಯುವ ಯಂತ್ರ ಮಾಡುತ್ತೇವೆ. ಕಬ್ಬಿಣದ ಕೆಲಸವೆಲ್ಲ ಅಣ್ಣನದು, ನಕ್ಷೆ ನನ್ನದು. ಪಾಲಿಟೆಕ್ನಿಕ್ ಮುಗಿಸಿ ಬಂದ ದಿನದಿಂದ ಶಾಫ್ಟು, ಬೇರಿಂಗು, ಬ್ಲೇಡು ಇವನ್ನೇ ಬರೆದುಕೊಂಡು ಬಂದವಳು ನಾನು. ಬಂದೂಕನ್ನು ಹತ್ತಿರದಿಂದ ನೋಡಿದ್ದು ಬ್ಯಾಂಕಿನ ಬಾಗಿಲಲ್ಲಿ ಮಾತ್ರ. ಅಂಥವಳು ಒಂದು ಚಳಿಗಾಲವಿಡೀ ಯುದ್ಧದ ದೋಣಿಯೊಂದಕ್ಕೆ ಬಂದೂಕಿನ ಪೀಠ ಬರೆದೆ. ಆ ಕೆಲಸ ಬಂದ ಬಗೆ, ಗೋವಿನಕೋವಿಯ ಹೊಳೆಯಲ್ಲಿ ನಡೆದದ್ದು, ಆಮೇಲೆ ನಾವು ಮಾಡಿದ್ದು, ಇಷ್ಟನ್ನು ನೆನಪಿದ್ದ ಹಾಗೆ ಬರೆಯುತ್ತಿದ್ದೇನೆ. ನನಗೆ ಅರ್ಥವಾಗದ್ದನ್ನು ಅರ್ಥ ಮಾಡಿಸಲು ಹೋಗಿಲ್ಲ.

ಕರಾವಳಿಯ ಒಂದು ಖಾಸಗಿ ದೋಣಿ ಕಾರ್ಖಾನೆಯ ಇಂಜಿನಿಯರು ಕೃಷಿ ಯಂತ್ರಗಳ ಮೇಳದಲ್ಲಿ ನಮ್ಮ ಯಂತ್ರ ನೋಡಿದ್ದರಂತೆ. ಅದರ ಅಡಿಯಲ್ಲಿ ಒಂದು ತಿರುಗುವ ಚಕ್ರವಿದೆ. ಎಷ್ಟು ಭಾರ ಹಾಕಿದರೂ ಅಲುಗದೆ ತಿರುಗುತ್ತದೆ, ಒಂದು ಬೆರಳು ಸಾಕು. ಅದನ್ನು ಬರೆದವಳು ನಾನು. ಆ ಚಕ್ರಕ್ಕಾಗಿ ಅವರು ಚನ್ನಗಿರಿ ಹುಡುಕಿಕೊಂಡು ಬಂದರು. ಮೂವತ್ತೈದರ ಆಸುಪಾಸಿನ, ನಿಧಾನವಾಗಿ ಮಾತಾಡುವ ಮನುಷ್ಯ. ನಮ್ಮ ಮೇಜಿನ ಮೇಲೆ ದೋಣಿಯ ನಕ್ಷೆ ಹರಡಿ, ನಾಲ್ಕು ಮೂಲೆಗೂ ನಮ್ಮದೇ ನಟ್ಟು ಬೋಲ್ಟು ಇಟ್ಟು, ಇದು ನದಿಯಲ್ಲಿ ಗಸ್ತು ತಿರುಗುವ ದೋಣಿ, ಮುಂಭಾಗದಲ್ಲಿ ಗನ್ನು ಇರುತ್ತದೆ, ಆ ಗನ್ನು ಕೂರುವ ಚಕ್ರ ನೀವು ಮಾಡಬೇಕು ಎಂದರು.

ಸಮುದ್ರದ ಯುದ್ಧನೌಕೆಯನ್ನೇ ಚಿಕ್ಕದು ಮಾಡಿದರೆ ನದಿಯ ದೋಣಿ ಆಗುತ್ತದೆ ಎಂದು ನಾನು ತಿಳಿದಿದ್ದೆ. ಹಾಗಲ್ಲವಂತೆ. ಸಮುದ್ರದ ದೋಣಿ ನೀರಿನೊಳಗೆ ಆಳಕ್ಕೆ ಕೂರುತ್ತದೆ. ನದಿಯ ದೋಣಿ ಮೊಣಕಾಲುದ್ದದ ನೀರಲ್ಲೂ ಓಡಬೇಕು. ಕೆಳಗೆ ನೀರು ತಳ್ಳುವ ಫ್ಯಾನು ಹಾಕಿದರೆ ಬಂಡೆಗೆ ಬಡಿಯುತ್ತದೆ, ಬಲೆಗೆ ಸುತ್ತಿಕೊಳ್ಳುತ್ತದೆ. ಹಾಗಾಗಿ ಫ್ಯಾನಿನ ಬದಲು ಅಡಿಯಿಂದ ನೀರು ಹೀರಿ ಹಿಂದಕ್ಕೆ ಚಿಮ್ಮುವ ಪಂಪು. ಗುಂಡು ತಡೆಯಲು ದಪ್ಪ ಉಕ್ಕಿನ ಹಲಗೆ ಬೇಕು, ಹಲಗೆ ಹಾಕಿದಷ್ಟೂ ದೋಣಿ ಮುಳುಗುತ್ತದೆ. ಗನ್ನು ಹೊಡೆದರೆ ಹಿಂದಕ್ಕೆ ಒದೆಯುತ್ತದೆ, ಹಗುರ ದೋಣಿಯಾದರೆ ಮೂತಿಯೇ ತಿರುಗಿ ಹೋಗುತ್ತದೆ. ಒಂದನ್ನು ಸರಿ ಮಾಡಿದರೆ ಇನ್ನೊಂದು ಕೆಡುವ ಈ ಲೆಕ್ಕ ನನಗೆ ಹಿಡಿಸಿತು. ಅಣ್ಣನಿಗೂ ಹಿಡಿಸಿತು ಎಂದು ಅವನು ಟೀ ತರಿಸಿದ್ದರಿಂದ ತಿಳಿಯಿತು.

ಕೊನೆಗೆ ಅವರು ದೋಣಿಯ ಇನ್ನೊಂದು ವಿಶೇಷ ಹೇಳಿದರು. ಇದಕ್ಕೆ ಡೀಸೆಲ್ ಎಂಜಿನ್ನಿನ ಜೊತೆಗೆ ಬ್ಯಾಟರಿಯೂ ಇರುತ್ತದೆ. ಗಡಿಯ ನದಿಗಳಲ್ಲಿ ಎಂಜಿನ್ ನಿಲ್ಲಿಸಿ ಬ್ಯಾಟರಿಯ ಮೇಲೆ ಹೋದರೆ ದಡದಲ್ಲಿ ನಿಂತವನಿಗೂ ಕೇಳಿಸುವುದಿಲ್ಲ. ಸದ್ದೇ ಇಲ್ಲದ ದೋಣಿ.

ಎರಡು ತಿಂಗಳು ಆ ಚಕ್ರದ ಕೆಲಸದಲ್ಲೇ ಕೂತೆ. ಚಕ್ರ ತಯಾರಾದ ದಿನ ಅಣ್ಣ ಅದರ ಮೇಲೆ ಸಿಮೆಂಟಿನ ಮೂಟೆಗಳನ್ನು ಪೇರಿಸಿ, ಉಫ್ ಎಂದು ಊದಿದ. ಚಕ್ರ ಮೆಲ್ಲಗೆ ತಿರುಗಿತು. ನಿಜವಾಗಿ ಊದಿದ್ದಕ್ಕಲ್ಲ, ಮೊಣಕೈ ತಾಗಿದ್ದಕ್ಕೆ. ನಾವಿಬ್ಬರೂ ನಕ್ಕೆವು.

ಇಂಜಿನಿಯರಿಗೆ ಒಂದು ಕೊರತೆ ಉಳಿದಿತ್ತು. ಅವರ ಕಾರ್ಖಾನೆಯಲ್ಲಿ ಚಿಕ್ಕ ದೋಣಿಯ ಮೇಲೆ ಕೂತು, ಹರಿಯುವ ನದಿಯಲ್ಲಿ ಗನ್ನು ಹೊಡೆದವರು ಯಾರೂ ಇರಲಿಲ್ಲ. ಅಂಥವರು ದೇಶದಲ್ಲೇ ಕಡಿಮೆ. ದಾವಣಗೆರೆಯಲ್ಲಿ ನಿವೃತ್ತ ಸೈನಿಕರೊಬ್ಬರನ್ನು ವಿಚಾರಿಸಿದಾಗ, ಜಗಳೂರಿನಲ್ಲಿ ಒಬ್ಬ ಅಜ್ಜ ಇದ್ದಾರೆ, ನೌಕಾಪಡೆಯಲ್ಲಿದ್ದವರು, ಐವತ್ತು ವರ್ಷದ ಹಿಂದೆ ದೇಶದ ಪೂರ್ವ ಗಡಿಯಾಚೆ ನಡೆದ ಯುದ್ಧದಲ್ಲಿ ನದಿ ದೋಣಿಯ ಗನ್ನಿನ ಮೇಲಿದ್ದವರು ಎಂದು ಹೇಳಿದರಂತೆ. ಜಗಳೂರು ಅಂದರೆ ನೀರಿಗೆ ದೂರ. ಅಲ್ಲಿ ನಾವಿಕ ಎಲ್ಲಿಂದ ಬಂದ ಎಂದು ಅಣ್ಣ ಕೇಳಿದ. ನಾನು ಇಂಜಿನಿಯರ ಜೊತೆ ಹೋದೆ.

ಮೆಕ್ಕೆಜೋಳದ ಕೊಯ್ಲು ಮುಗಿದು ಹೊಲವೆಲ್ಲ ಒಣ ದಂಟು ನಿಂತಿದ್ದ ಸಮಯ. ಅಜ್ಜನ ಮಗ ಕುರಿ ಹೊಡೆದುಕೊಂಡು ಹೋಗಿದ್ದ. ಸೊಸೆ ನಮ್ಮನ್ನು ಒಳಗೆ ಕೂರಿಸಿದಳು. ಅಜ್ಜ ಎಂಬತ್ತರ ಹತ್ತಿರದ, ಬೆನ್ನು ಬಾಗದ ಮನುಷ್ಯ. ಮೊದಲು ನನ್ನ ಕಣ್ಣಿಗೆ ಬಿದ್ದದ್ದು ಅವರ ಮಂಚ. ಕೋಣೆಯ ನಟ್ಟನಡುವೆ ಇತ್ತು. ನಾಲ್ಕು ಗೋಡೆಗಳಿಂದಲೂ ಒಂದೊಂದು ಮಾರು ದೂರ. ಓಡಾಡುವವರು ಅದನ್ನು ಸುತ್ತುಹಾಕಿಕೊಂಡೇ ಓಡಾಡಬೇಕು. ನಾನು ನೋಡುವುದನ್ನು ಅವರು ನೋಡಿದರು.

"ಗೋಡಿಗೆ ತಾಗಿಸಿದ್ರೆ ಎಂಜಿನ್ ಕೇಳ್ತೈತೆ ತಾಯಿ," ಎಂದರು. ಸೊಳ್ಳೆ ಕಾಟದ ವಿಷಯ ಹೇಳುವಷ್ಟು ಸಹಜವಾಗಿ.

ಸೊಸೆ ಅಡುಗೆಮನೆಯಿಂದಲೇ, ಅದು ಪಕ್ಕದ ಹೊಲದ ಬೋರ್‌ವೆಲ್ ಮೋಟಾರು ಎಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ ಎಂದಳು. ಅಜ್ಜ ತಲೆಯಾಡಿಸಿದರು. ಮೋಟಾರಿನ ಸದ್ದು ಒಂದೇ ಸಮ ಇರುತ್ತದೆ. ಇದು ಡೀಸೆಲ್ಲು, ನಾಲ್ಕು ಏಟಿಗೆ ಒಂದು ಏಟು ತಪ್ಪುತ್ತದೆ. ತಮ್ಮ ದೋಣಿಯ ಎಂಜಿನ್ನು ಹಾಗೇ ಇತ್ತು. ರಿಪೇರಿ ಮಾಡಿಸಲು ಯುದ್ಧದಲ್ಲಿ ಪುರಸೊತ್ತು ಸಿಗಲಿಲ್ಲ. ಅವರು ಮಂಚದ ಕಟ್ಟಿಗೆಯ ಮೇಲೆ ಬೆರಳಿನಿಂದ ಬಡಿದು ತೋರಿಸಿದರು. ಟಕ್ ಟಕ್ ಟಕ್, ಆಮೇಲೆ ಒಂದು ಖಾಲಿ. ಮತ್ತೆ ಮೂರು, ಮತ್ತೆ ಖಾಲಿ.

ಆ ಕಾಲದಲ್ಲಿ ನದಿಯಲ್ಲಿ ಯುದ್ಧ ಮಾಡಲೆಂದೇ ಕಟ್ಟಿದ ದೋಣಿ ಇರಲಿಲ್ಲವಂತೆ. ಬಂದರಿನಲ್ಲಿ ದೊಡ್ಡ ಹಡಗುಗಳನ್ನು ಎಳೆಯುವ ಚಿಕ್ಕ ದೋಣಿಯೊಂದನ್ನು ತಂದು, ಡೆಕ್ಕಿನ ಮೇಲೆ ಮರದ ದಿಮ್ಮಿ ಹಾಸಿ, ಅದಕ್ಕೆ ಗನ್ನು ಬೋಲ್ಟು ಮಾಡಿದರು. ಸುತ್ತ ಮರಳು ಚೀಲ. ಹೊಡೆದಾಗಲೆಲ್ಲ ಡೆಕ್ಕು ಬಿರುಕು ಬಿಟ್ಟು, ಕೆಳಗೆ ಮಲಗಿದವರ ಮೇಲೆ ನೀರು ತೊಟ್ಟಿಕ್ಕುತ್ತಿತ್ತು. ಮರಳು ದಿಬ್ಬಕ್ಕೆ ಸಿಕ್ಕಿಕೊಂಡರೆ ಮಂದಿ ಇಳಿದು ಎತ್ತಿನ ಹಾಗೆ ಎಳೆಯಬೇಕಿತ್ತು. ಇಂಜಿನಿಯರು ಇದನ್ನೆಲ್ಲ ಚಿಕ್ಕ ಪುಸ್ತಕದಲ್ಲಿ ಬರೆದುಕೊಂಡರು. ಅಜ್ಜ ನಮ್ಮ ನಕ್ಷೆಯನ್ನು ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಎಲ್ಲ ಬಿಟ್ಟು ಒಂದೇ ಪ್ರಶ್ನೆ ಕೇಳಿದರು.

"ಗುಂಡು ಹೊಡಿಯೋನು ಒಬ್ನೇ ಕೂರ್ತಾನೇನ್ರಿ?"

ಹೌದು, ಒಬ್ಬನೇ ಸಾಕು, ಅದೇ ಈ ದೋಣಿಯ ಅನುಕೂಲ ಎಂದರು ಇಂಜಿನಿಯರು. ಅಜ್ಜ ನಕ್ಷೆ ಮಡಚಿ ಕೊಟ್ಟರು. ಆಮೇಲೆ ನೀರಿಗೆ ಇಳಿಸುವಾಗ ತಾವೂ ಬರುವುದಾಗಿ ತಾವಾಗಿಯೇ ಹೇಳಿದರು. ಸೊಸೆ ಬೇಡವೆಂದಳು. ಅವರು ಆಗಲೇ ಸ್ವೆಟರು ಹುಡುಕಲು ಎದ್ದಿದ್ದರು.

ಪರೀಕ್ಷೆಗೆ ಆರಿಸಿದ್ದು ಗೋವಿನಕೋವಿಯ ಬಳಿಯ ತುಂಗಭದ್ರೆ. ಅಲ್ಲಿ ಬಂಡೆ, ಜೊಂಡು, ಮಡುವು ಎಲ್ಲ ಹತ್ತಿರ ಹತ್ತಿರ ಸಿಗುತ್ತವೆ. ದೋಣಿ ದೊಡ್ಡ ಲಾರಿಯ ಮೇಲೆ ಟಾರ್ಪಾಲು ಹೊದ್ದು ಬಂತು. ಗನ್ನು ಇರಲಿಲ್ಲ, ಅದೇ ತೂಕದ ಉಕ್ಕಿನ ಕೊಳವೆಯನ್ನು ನಮ್ಮ ಚಕ್ರದ ಮೇಲೆ ಕೂರಿಸಿ, ಗುಂಡಿನ ಒದೆತಕ್ಕೆ ಬದಲಾಗಿ ಗಾಳಿ ಒತ್ತಡದ ಸುತ್ತಿಗೆಯೊಂದನ್ನು ಜೋಡಿಸಿದ್ದರು. ಪೊಲೀಸರಿಗೆ, ತಾಲ್ಲೂಕು ಆಫೀಸಿಗೆ ಮೊದಲೇ ಪತ್ರ ಹೋಗಿತ್ತು. ನಾವು ಹೊನ್ನಾಳಿಯ ಲಾಡ್ಜಿನಲ್ಲಿ ಉಳಿದು ದಿನಾ ಬೆಳಿಗ್ಗೆ ಜೀಪಿನಲ್ಲಿ ಹೋಗುತ್ತಿದ್ದೆವು. ದಡದಲ್ಲಿ ತೆಪ್ಪ ಹಾಕುವವನೊಬ್ಬ ಇದ್ದ, ಐವತ್ತರ ವಯಸ್ಸಿನವನು. ಪರೀಕ್ಷೆ ನಡೆಯುವಷ್ಟು ದಿನ ತೆಪ್ಪ ನಿಲ್ಲಿಸಿ, ಯಾರೂ ನೀರಿಗಿಳಿಯದಂತೆ ನೋಡಿಕೊಳ್ಳುವ ಕೆಲಸ ಅವನಿಗೆ ಕೊಟ್ಟಿದ್ದರು.

ಮೊದಲ ಮೂರು ದಿನ ಚೆನ್ನಾಗಿ ನಡೆಯಿತು. ಪಂಪಿಗೆ ಜೊಂಡು ಸಿಕ್ಕಿ ಎರಡು ಸಲ ನಿಂತಿತು, ಬಾಯಿಗೆ ಜಾಲರಿ ಹಾಕಿದೆವು. ಸುತ್ತಿಗೆ ಧಡಧಡ ಬಡಿದಾಗ ಆಚೆ ದಡದ ಬೆಳ್ಳಕ್ಕಿಗಳು ಒಟ್ಟಿಗೆ ಎದ್ದವು. ಚಕ್ರ ಕೂದಲೆಳೆಯಷ್ಟೂ ಅಲುಗಲಿಲ್ಲ. ಅಣ್ಣನಿಗೆ ಫೋನು ಮಾಡಿ ಹೇಳಿದೆ. ಅಜ್ಜ ಗನ್ನಿನ ಆಸನದ ಮೇಲೆ ಮಂಕಿ ಕ್ಯಾಪು, ಲೈಫ್ ಜಾಕೆಟ್ಟು ಹಾಕಿಕೊಂಡು ಕೂತು, ಗುಂಡು ಹಾರಿಸಲು ತುಳಿಯುವ ಪೆಡಲು ಇಷ್ಟು ದೂರ ಬೇಡ, ಹಲಗೆ ಇನ್ನೊಂದು ಗೇಣು ಎತ್ತರ ಬೇಕು ಎಂದು ಹೇಳುತ್ತಿದ್ದರು. ಅವರ ಮುಖದಲ್ಲಿ ಅಂಥ ಗೆಲುವನ್ನು ಜಗಳೂರಿನಲ್ಲಿ ಕಂಡಿರಲಿಲ್ಲ.

ನಾಲ್ಕನೆಯ ದಿನ ಬ್ಯಾಟರಿಯ ಪರೀಕ್ಷೆ. ಆ ಬೆಳಿಗ್ಗೆ ಮಂಜು ಎಷ್ಟು ದಟ್ಟವಾಗಿತ್ತೆಂದರೆ ಜೀಪಿನಿಂದ ಇಳಿದವಳಿಗೆ ಹೊಳೆ ಕಾಣಲಿಲ್ಲ, ವಾಸನೆ ಮಾತ್ರ ಬಂತು. ಮುಂದಕ್ಕೆ ಹಾಕೋಣವೇ ಎಂದೆ. ಮಂಜೇ ಬೇಕು ಮೇಡಂ, ಇಂಥದ್ದರಲ್ಲೇ ಇದರ ಕೆಲಸ ಎಂದರು ಇಂಜಿನಿಯರು. ದೋಣಿಯಲ್ಲಿ ನಾಲ್ವರು: ಕಂಪನಿಯ ಚಾಲಕ, ಇಂಜಿನಿಯರು, ಅಜ್ಜ, ನಾನು. ನಡುಹೊಳೆಗೆ ಹೋಗಿ ಡೀಸೆಲ್ ನಿಲ್ಲಿಸಿದರು. ಇಂಜಿನಿಯರು ನೀರೊಳಗಿನ ಸದ್ದು ಹಿಡಿಯುವ ಮೈಕನ್ನು ತಂತಿಯಲ್ಲಿ ಇಳಿಬಿಟ್ಟು ಕಿವಿಗೆ ಹೆಡ್‌ಫೋನು ಹಾಕಿಕೊಂಡರು. ನಮ್ಮ ದೋಣಿ ಎಷ್ಟು ಸದ್ದು ಮಾಡುತ್ತದೆ ಎಂದು ಅಳೆಯುವುದು ಉದ್ದೇಶ.

ಸದ್ದೇ ಇರಲಿಲ್ಲ. ದೋಣಿ ಚಲಿಸುತ್ತಿದೆ ಎಂದು ತಿಳಿಯುತ್ತಿದ್ದದ್ದು ಮುಖಕ್ಕೆ ತಾಗುವ ತೇವದಿಂದ ಮಾತ್ರ. ದಡ ಇಲ್ಲ, ಆಕಾಶ ಇಲ್ಲ, ಉಕ್ಕಿನ ಕೊಳವೆಯ ತುದಿಯೂ ಸರಿಯಾಗಿ ಕಾಣುತ್ತಿರಲಿಲ್ಲ. ನಾನು ಸುಮ್ಮನೆ ಕೆಮ್ಮಿದೆ, ನಾನಿದ್ದೇನೆ ಎಂದು ಗೊತ್ತಾಗಲಿ ಅಂತ.

ಆಗ ಎಂಜಿನ್ನಿನ ಸದ್ದು ಕೇಳಿತು.

ದೂರದಲ್ಲಿ, ಹೊಳೆಯ ಮೇಲ್ಗಡೆಯಿಂದ. ರೈತರ ಪಂಪ್‌ಸೆಟ್ ಇರಬೇಕೆಂದುಕೊಂಡೆ. ಇಂಜಿನಿಯರೂ ಕೈಸನ್ನೆ ಮಾಡಿ ಅದನ್ನೇ ಹೇಳಿದರು. ಆದರೆ ಪಂಪ್‌ಸೆಟ್ ಇದ್ದಲ್ಲೇ ಇರುತ್ತದೆ. ಇದು ಹತ್ತಿರ ಬರುತ್ತಿತ್ತು. ಒಮ್ಮೆ ಎಡಗಡೆ, ಸ್ವಲ್ಪ ಹೊತ್ತಿಗೆ ಬಲಗಡೆ. ಮತ್ತೆ ಹಿಂದೆ. ನಾನು ಎಣಿಸಬಾರದೆಂದುಕೊಂಡರೂ ಎಣಿಸಿದೆ. ಮೂರು ಏಟು, ಒಂದು ಖಾಲಿ. ಮೂರು ಏಟು, ಒಂದು ಖಾಲಿ.

ಅಜ್ಜನನ್ನು ನೋಡಿದೆ. ಅವರು ಎರಡೂ ಕೈಗಳನ್ನು ಹಿಡಿಕೆಯಿಂದ ತೆಗೆದು ತೊಡೆಗಳ ಕೆಳಗೆ ಇಟ್ಟುಕೊಂಡು ಅವುಗಳ ಮೇಲೆ ಕೂತಿದ್ದರು.

"ಯಾರೂ ಕೂಗಬ್ಯಾಡ್ರಿ," ಎಂದರು ಮೆಲ್ಲಗೆ. "ಕೂಗಿದ್ರೆ ಅದೂ ಕೂಗ್ತೈತೆ."

ಸದ್ದು ನಮ್ಮ ಪಕ್ಕಕ್ಕೇ ಬಂತು. ಡೀಸೆಲ್ ಹೊಗೆಯ ವಾಸನೆ ಬಂತೋ ಇಲ್ಲವೋ, ಅದನ್ನು ಈಗ ಆಣೆ ಮಾಡಿ ಹೇಳಲಾರೆ. ಅಲೆ ಬಂದದ್ದು ಮಾತ್ರ ಖಂಡಿತ. ದೊಡ್ಡ ದೋಣಿಯೊಂದು ಹತ್ತಿರದಲ್ಲಿ ಹಾದುಹೋದರೆ ಏಳುವಂಥ ಅಲೆ, ಒಂದರ ಹಿಂದೆ ಒಂದು, ಮೂರು ನಾಲ್ಕು. ನಮ್ಮ ದೋಣಿ ಪಕ್ಕಕ್ಕೆ ವಾಲಿತು. ವಾಲಿದಾಗ, ಬೆರಳು ತಾಗಿದರೆ ಸಾಕು ತಿರುಗುವ ನನ್ನ ಚಕ್ರ ಯಾರೂ ಮುಟ್ಟದೆ ತಿರುಗತೊಡಗಿತು. ಅಜ್ಜ ಕೂತಿದ್ದ ಆಸನವೂ ಅದರ ಜೊತೆಗೇ. ಉಕ್ಕಿನ ಕೊಳವೆ ಮಂಜಿನೊಳಗೆ ಅರ್ಧಸುತ್ತು ಬಂದು, ಸದ್ದು ಇದ್ದ ಕಡೆಗೆ ಮುಖ ಮಾಡಿತು. ಸದ್ದು ಮುಂದಕ್ಕೆ ಸರಿಯಿತು. ಕೊಳವೆಯೂ ಅದರ ಹಿಂದೆಯೇ ಸರಿಯಿತು.

"ಹಿಡೀ ತಾಯಿ, ಅದನ್ನ ಹಿಡೀ," ಎಂದರು ಅಜ್ಜ.

ನಾನು ಚಕ್ರದ ಅಂಚನ್ನು ಎರಡೂ ಕೈಯಲ್ಲಿ ಹಿಡಿದು ಕಾಲೂರಿದೆ. ಅದು ನನ್ನನ್ನೂ ಎಳೆದುಕೊಂಡು ಹೋಯಿತು. ಹೆಚ್ಚು ದೂರವೇನಲ್ಲ, ಒಂದೆರಡು ಅಡಿ. ಆದರೆ ನಾನೇ ಬರೆದು, ನಾನೇ ಎಣ್ಣೆ ಹಾಕಿದ ವಸ್ತು ನನ್ನ ಮಾತು ಕೇಳದೆ ಹೋಗುತ್ತಿದ್ದ ಆ ಭಾವನೆ ಈಗಲೂ ಅಂಗೈಯಲ್ಲಿದೆ. ಚಾಲಕ ಓಡಿಬಂದು ಭುಜ ಕೊಟ್ಟ. ಚಕ್ರ ನಿಂತಿತು. ಸದ್ದು ಹೊನ್ನಾಳಿಯ ದಿಕ್ಕಿಗೆ ಹೋಗಿ ಹೋಗಿ ಕರಗಿತು. ಬಿಸಿಲು ಬಿದ್ದು ಮಂಜು ಹರಿದಾಗ ಹೊಳೆಯ ಮೇಲೆ ನಮ್ಮ ದೋಣಿಯೊಂದೇ ಇತ್ತು, ದಡದಲ್ಲಿ ಮಗುಚಿಟ್ಟ ತೆಪ್ಪ.

ದಡ ಸೇರಿದ ಮೇಲೆ ಇಂಜಿನಿಯರು ಫೋನು ಹಿಡಿದು ದೂರ ಹೋದರು. ಅಜ್ಜ ಕಲ್ಲಿನ ಮೇಲೆ ಕೂತು ಮಂಕಿ ಕ್ಯಾಪು ತೆಗೆದರು. ನಾನು ಫ್ಲಾಸ್ಕಿನ ಟೀ ಕೊಟ್ಟೆ. ಲೋಟ ಹಿಡಿದುಕೊಂಡೇ ಹೇಳಿದರು. ಅವರು ಹೇಳಿದ್ದನ್ನು ನನ್ನ ಮಾತಿನಲ್ಲಿ ಬರೆಯುತ್ತೇನೆ.

ಯುದ್ಧದಲ್ಲಿ ಒಂದು ಬೆಳಗಿನ ಜಾವ ಹೀಗೇ ಮಂಜಿತ್ತು. ನದಿಯಲ್ಲಿ ತಮ್ಮ ದೋಣಿಯೊಂದೇ ಹೋಗುತ್ತಿತ್ತು. ಹಿಂದಿನಿಂದ ಇನ್ನೊಂದು ಎಂಜಿನ್ ಕೇಳಿಸಿತು, ತಮ್ಮದರ ಹಾಗೆಯೇ ಏಟು ತಪ್ಪುವ ಎಂಜಿನ್. ನಿಲ್ಲಿಸಿದರೆ ಅದೂ ನಿಲ್ಲುತ್ತಿತ್ತು, ಹೊರಟರೆ ಅದೂ ಹೊರಡುತ್ತಿತ್ತು. ಯಾರದು, ಗುರುತು ಹೇಳಿ ಎಂದು ದೋಣಿಯ ಅಧಿಕಾರಿ ಕೂಗಿದರು. ಅಲ್ಲಿಂದಲೂ ಯಾರದು, ಗುರುತು ಹೇಳಿ ಎಂದು ಬಂತು. ಎರಡೂ ದಡಗಳಿಗೆ ಬಡಿದ ಮಾರ್ದನಿ ಎಂದು ಈಗ ಯಾರು ಬೇಕಾದರೂ ಹೇಳಬಹುದು. ಆಗ ಯಾರಿಗೂ ಹೊಳೆಯಲಿಲ್ಲ. ಗನ್ನಿನ ಮೇಲೆ ಅಜ್ಜ ಒಬ್ಬರೇ ಇದ್ದರು. ಆಜ್ಞೆ ಬಂತೋ, ತಮಗೆ ಬಂದ ಹಾಗೆ ಕೇಳಿಸಿತೋ, ಪೆಡಲು ತುಳಿದರು. ಗುಂಡಿನ ಪೆಟ್ಟಿಗೆ ಖಾಲಿಯಾಗುವ ತನಕ ತುಳಿದೇ ಇದ್ದರು.

ಬೆಳಕಾದ ಮೇಲೆ ಆ ದಿಕ್ಕಿಗೆ ಹೋಗಿ ನೋಡಿದರು. ಒಂದು ನಾಡದೋಣಿ ಜೊಂಡಿನಲ್ಲಿ ಸಿಕ್ಕಿ ನಿಂತಿತ್ತು. ಅದರಲ್ಲಿ ಯಾರೂ ಇರಲಿಲ್ಲ. ಒಂದು ಗುಂಡೂ ಅದಕ್ಕೆ ತಾಗಿರಲಿಲ್ಲ, ಒಂದು ಹನಿ ರಕ್ತ ಇರಲಿಲ್ಲ. ಹಿಂಭಾಗದಲ್ಲಿ ಮಣ್ಣಿನ ಒಲೆ, ಒಲೆಯ ಮೇಲೆ ಅನ್ನ ಕುದಿಯುತ್ತಿತ್ತು. ದೊಡ್ಡ ಪಾತ್ರೆ, ಐದಾರು ಮಂದಿಗಾಗುವಷ್ಟು.

"ಎಲ್ಲಿಗೆ ಹೋದ್ರು ಅಂತ ಸುತ್ತ ಹುಡುಕಿದ್ವಿ. ನೀರಾಗೂ ಇಲ್ಲ, ದಡದಾಗೂ ಇಲ್ಲ," ಎಂದರು ಅಜ್ಜ. "ಅನ್ನ ಸೀಯಾಕ ಹತ್ತಿತ್ತು. ನಾನೇ ಇಳಿಸಿಟ್ಟೆ."

ಆಮೇಲೆ ಲೋಟ ಕೆಳಗಿಟ್ಟು, ಹೊಡೆದೆನೋ ಇಲ್ಲವೋ ಎಂಬುದು ಇವತ್ತಿಗೂ ಗೊತ್ತಿಲ್ಲ ಎಂದರು. ಕೊಂದಿದ್ದೇನೆ ಎಂದು ಗೊತ್ತಿದ್ದರೆ ಅದಕ್ಕೊಂದು ದಾರಿ ಹುಡುಕಿಕೊಳ್ಳಬಹುದಿತ್ತು. ಕೊಂದಿಲ್ಲ ಎಂದು ಗೊತ್ತಿದ್ದರೆ ಮಾತೇ ಇರಲಿಲ್ಲ. ಅವರು ನನ್ನ ಕಡೆ ತಿರುಗಿ ಕೇಳಿದ್ದು ಇಷ್ಟೇ: "ಇನ್ನೊಬ್ನ ಕೈ ಬೇಕು ತಾಯಿ. ಇಬ್ರೂ ಹೌದು ಅಂದ್ರ ಮಾತ್ರ ಹೊಡಿಯಂಗ ಮಾಡಾಕ ಬರ್ತೈತೇನು?"

ಬರುತ್ತದೆ ಎಂದೆ.

ಮಧ್ಯಾಹ್ನ ಲಾಡ್ಜಿನಲ್ಲಿ ಇಂಜಿನಿಯರು ನನ್ನನ್ನು ಕರೆದು ಲ್ಯಾಪ್‌ಟಾಪಿನಲ್ಲಿ ನೀರೊಳಗಿನ ಮೈಕಿನ ರೆಕಾರ್ಡಿಂಗು ಕೇಳಿಸಿದರು. ಮೂರು ಏಟು, ಒಂದು ಖಾಲಿ. ಸ್ಪಷ್ಟವಾಗಿತ್ತು. ಆ ಹೊತ್ತಿನಲ್ಲಿ ನಮ್ಮ ಡೀಸೆಲ್ ನಿಂತೇ ಇತ್ತು ಎಂಬುದಕ್ಕೆ ದೋಣಿಯದೇ ದಾಖಲೆ ಇತ್ತು. ಅದೂ ಅಲ್ಲದೆ ನಮ್ಮದು ಹೊಸ ಎಂಜಿನ್, ಏಟು ತಪ್ಪುವುದಿಲ್ಲ. ಅವರು ನಾಲ್ಕೈದು ಸಲ ಹಾಕಿದರು. ಕೊನೆಗೆ ಲ್ಯಾಪ್‌ಟಾಪು ಮುಚ್ಚಿ, "ಇದನ್ನು ರಿಪೋರ್ಟಿನಲ್ಲಿ ಹೇಗೆ ಬರೆಯುವುದು ಮಾರಾಯ್ರೆ?" ಎಂದರು. ನಗಲೂ ಇಲ್ಲ. ಕೊನೆಗೆ ಸುತ್ತಲಿನ ಸದ್ದು ಎಂದು ಬರೆದರಂತೆ. ಸುಳ್ಳೇನೂ ಅಲ್ಲ.

ಚನ್ನಗಿರಿಗೆ ಮರಳಿ ನಾನು ಎರಡು ಬದಲಾವಣೆ ಬರೆದೆ. ಒಂದು, ದೋಣಿ ವಾಲಿದಾಗ ಚಕ್ರ ತಾನಾಗಿ ತಿರುಗದಂತೆ ಒಂದು ಬ್ರೇಕು. ಇದನ್ನು ನಾನು ಮೊದಲೇ ಯೋಚಿಸಬೇಕಿತ್ತು, ಬೆರಳಿಗೇ ತಿರುಗುವ ಚಕ್ರದ ಹೆಮ್ಮೆಯಲ್ಲಿ ಬಿಟ್ಟಿದ್ದೆ. ಎರಡನೆಯದು, ಪೆಡಲಿಗೆ ಒಂದು ಬೀಗದ ಕಡ್ಡಿ. ಅದರ ಹಿಡಿಕೆ ಗನ್ನಿನ ಆಸನದಿಂದ ನಾಲ್ಕು ಹೆಜ್ಜೆ ದೂರ, ಚಾಲಕನ ಪಕ್ಕದಲ್ಲಿ. ಅದನ್ನು ಇನ್ನೊಬ್ಬ ಎಳೆದು ಹಿಡಿದರೆ ಮಾತ್ರ ಪೆಡಲು ಕೆಳಗೆ ಹೋಗುತ್ತದೆ. ನಕ್ಷೆಯಲ್ಲಿ ಅದಕ್ಕೆ ಸಾಗಾಣಿಕೆಯ ಬೀಗ ಎಂದು ಹೆಸರು ಕೊಟ್ಟೆ, ಲಾರಿಯ ಮೇಲೆ ಸಾಗಿಸುವಾಗ ಬೇಕಾಗುತ್ತದೆ ಎಂಬಂತೆ. ಇಂಜಿನಿಯರು ಬಂದು ನೋಡಿದರು. ಮೋಸ ಅವರಿಗೆ ತಕ್ಷಣ ತಿಳಿಯಿತು. ಯುದ್ಧದಲ್ಲಿ ಇಬ್ಬರನ್ನು ಕೇಳುತ್ತಾ ಕೂರಲು ಆಗುತ್ತದೆಯೇ, ಆ ಒಂದು ಕ್ಷಣದಲ್ಲಿ ನಮ್ಮವರೇ ಸತ್ತರೆ ಯಾರು ಹೊಣೆ ಎಂದರು. ಅವರು ಹೇಳಿದ್ದು ತಪ್ಪಲ್ಲ. ಅವತ್ತು ನೀವೂ ದೋಣಿಯಲ್ಲಿದ್ದಿರಿ ಎಂದಷ್ಟೇ ಹೇಳಿದೆ. ಅವರು ನಕ್ಷೆಯ ಮೇಲೆ ಕೈಯಿಟ್ಟುಕೊಂಡು ಕಿಟಕಿಯ ಹೊರಗೆ ನೋಡಿದರು. ಆಮೇಲೆ ಸಹಿ ಹಾಕಿದರು.

ಆ ಒಂದು ದೋಣಿ ಬೀಗದ ಸಮೇತ ಹೋಯಿತು. ಯಾವ ನದಿಗೆ ಎಂದು ನಮಗೆ ಹೇಳಲಿಲ್ಲ, ನಾವು ಕೇಳಲಿಲ್ಲ.

ಮಳೆಗಾಲಕ್ಕೆ ಮುಂಚೆ ಅದೇ ಕಂಪನಿಯಿಂದ ಇನ್ನಷ್ಟು ಚಕ್ರ ಬೇಕೆಂದು ನಕ್ಷೆ ಬಂತು. ಇಂಜಿನಿಯರ ಹೆಸರಿನ ಜಾಗದಲ್ಲಿ ಬೇರೆಯವರ ಹೆಸರಿತ್ತು. ಬೀಗದ ಕಡ್ಡಿಗೆ ಕೆಂಪು ಸುತ್ತು ಹಾಕಿ, ತೆಗೆಯಿರಿ ಎಂದು ಬರೆದಿದ್ದರು. ನಾನು ಅಣ್ಣನ ಮುಂದೆ ಹಾಳೆ ಇಟ್ಟು, ನಾನಿದನ್ನು ಬರೆಯುವುದಿಲ್ಲ ಎಂದೆ. ನೀನು ಬರೆಯದಿದ್ದರೆ ಹುಬ್ಬಳ್ಳಿಯಲ್ಲೋ ಕೊಯಮತ್ತೂರಿನಲ್ಲೋ ಯಾರೋ ಬರೆಯುತ್ತಾರೆ ಎಂದ. ಗೊತ್ತು ಎಂದೆ. ಒಂದು ವಾರ ನನ್ನ ಜೊತೆ ಮಾತು ಬಿಟ್ಟ. ಎಂಟನೆಯ ದಿನ ಅವನೇ ಕಂಪನಿಗೆ, ಸೀಸನ್ನಿನ ಕೆಲಸ ಜಾಸ್ತಿ ಇದೆ, ಆಗುವುದಿಲ್ಲ ಎಂದು ಬರೆದ.

ಇದನ್ನು ತಿಳಿಸಲು ಜಗಳೂರಿಗೆ ಹೋದೆ. ಅಜ್ಜ ಹೊರಗೆ ಜಗುಲಿಯ ಮೇಲೆ ಶೇಂಗಾ ಬಿಡಿಸುತ್ತಾ ಕೂತಿದ್ದರು. ಎಲ್ಲ ಕೇಳಿದರು. ಬೇಸರ ಮಾಡಿಕೊಳ್ಳಲಿಲ್ಲ. ಒಂದು ದೋಣಿಯಲ್ಲಿ ಆದರೂ ಇಬ್ಬರ ಕೈ ಇದೆಯಲ್ಲ ಎಂದರು. ಗೋವಿನಕೋವಿಯಿಂದ ಬಂದ ಮೇಲೆ ಗೋಡೆಯ ಸದ್ದು ನಿಂತಿದೆ ಎಂದು ಸೊಸೆ ನನಗೆ ಅಡುಗೆಮನೆಯಲ್ಲಿ ಪಿಸುಗುಟ್ಟಿದಳು. ಮಂಚವನ್ನು ಕಿಟಕಿಯ ಪಕ್ಕದ ಗೋಡೆಗೆ ತಾಗಿಸಿಕೊಂಡಿದ್ದಾರಂತೆ. ನಾನು ಇಣುಕಿ ನೋಡಿದೆ. ಹೌದು, ತಾಗಿಸಿದ್ದರು. ನೆಮ್ಮದಿಯಾಗಬೇಕಿತ್ತು. ಯಾಕೋ ಆಗಲಿಲ್ಲ.

ಕಾರಣ ಆಮೇಲೆ ಗೊತ್ತಾಯಿತು ಎನ್ನಲೇ? ಗೊತ್ತಾದದ್ದು ಇಷ್ಟು. ಮುಂದಿನ ಚಳಿಗಾಲ ನ್ಯಾಮತಿಯ ಕಡೆ ಒಂದು ಸುಲಿಯುವ ಯಂತ್ರ ಕೆಟ್ಟಿತ್ತು. ಅದನ್ನು ನೋಡಲು ಹೋದವಳು ಗೋವಿನಕೋವಿಯ ಹೊಳೆದಂಡೆಗೂ ಇಳಿದೆ. ತೆಪ್ಪದವನು ಗುರುತು ಹಿಡಿದು ಕುಶಲ ಕೇಳಿದ. ಹೋದ ವರ್ಷದ ಕೆಲಸಕ್ಕೆ ಕಂಪನಿಯವರು ಕೊಟ್ಟ ಟಾರ್ಚು ಇನ್ನೂ ಚೆನ್ನಾಗಿದೆ ಎಂದು ತೋರಿಸಿದ. ಆಮೇಲೆ ಕೇಳಿದ:

"ನಿಮ್ ಬೋಟು ಇನ್ನೂ ಎಷ್ಟು ದಿನ ಓಡಿಸ್ತೀರಿ ಅಕ್ಕಾರೆ? ದಿನಾ ಹೊತ್ತು ಮೂಡೋ ಮುಂಚೆ ಬರ್ತೈತಿ. ಬಲೆ ಹಾಕಾಕೇ ಆಗವಲ್ದು."

ದೋಣಿ ಹೋಗಿ ವರ್ಷವಾಗುತ್ತಾ ಬಂದಿತ್ತು. ನಾನು ಅದನ್ನು ಹೇಳಲಿಲ್ಲ. ನಾಳೆ ಬೆಳಿಗ್ಗೆ ಬರುತ್ತೇನೆ, ತೋರಿಸು ಎಂದೆ. ಆ ರಾತ್ರಿ ಹೊನ್ನಾಳಿಯಲ್ಲಿ ಉಳಿದು, ಮೊದಲ ಬಸ್ಸಿಗೆ ಹೋದೆ. ಮಂಜು ತೆಳ್ಳಗಿತ್ತು, ಆಚೆ ದಡದ ಮರಗಳು ಕಾಣುತ್ತಿದ್ದವು. ಇಬ್ಬರೂ ಮೆಟ್ಟಿಲ ಕಲ್ಲಿನ ಮೇಲೆ ಕೂತೆವು. ಅವನು ಕಾಲು ನೀರಿಗೆ ಇಳಿಬಿಟ್ಟು ಬೀಡಿ ಹಚ್ಚಿದ. ತನ್ನ ಮಗಳು ಶಿವಮೊಗ್ಗದಲ್ಲಿ ನರ್ಸಿಂಗ್ ಓದುತ್ತಿರುವುದನ್ನು ಹೇಳುತ್ತಿದ್ದ. ಹೇಳುತ್ತಾ ಹೇಳುತ್ತಾ ಮಾತು ನಿಲ್ಲಿಸಿದ.

"ಅಗೋ, ಬಂತು ನೋಡ್ರಿ," ಎಂದ.

ನನಗೆ ಏನೂ ಕೇಳಿಸಲಿಲ್ಲ. ಹೊಳೆ ಕಾಣುತ್ತಿತ್ತು, ಖಾಲಿಯಾಗಿತ್ತು. ನಾನು ಅವನ ಮುಖ ನೋಡಿದೆ. ಅವನ ಕಣ್ಣು ಮೇಲ್ಗಡೆಯಿಂದ ನಿಧಾನವಾಗಿ ಕೆಳಗಡೆಗೆ ಸರಿಯಿತು, ರಸ್ತೆ ದಾಟಲು ನಿಂತವನು ಹಾದುಹೋಗುವ ಲಾರಿಯನ್ನು ನೋಡುವ ಹಾಗೆ. ನಮ್ಮ ನೇರಕ್ಕೆ ಬಂದಾಗ ಕೈಯೆತ್ತಿ, ಪರಿಚಯದವರಿಗೆ ಮಾಡುವಂತೆ ಒಂದು ಸಲಾಮು ಮಾಡಿದ. ಯಾರಿಗೆ ಕೈಯೆತ್ತಿದೆ ಎಂದು ಕೇಳಿದೆ.

"ಅಜ್ಜಾರಿಗೆ," ಎಂದ. "ಹೋದ ವರ್ಷ ಮುಂದ್ಗಡೆ ಕೂರ್ತಿದ್ರಲ್ಲ, ಅವ್ರೇ. ಈಗ ಜೋಡಿಗೆ ಇನ್ನೊಬ್ರು ಕುಂತಿರ್ತಾರ."

ಅಲ್ಲಿಂದಲೇ ಜಗಳೂರಿಗೆ ಫೋನು ಮಾಡಿದೆ. ಸೊಸೆ ಎತ್ತಿದಳು. ಅಜ್ಜ ಹೇಗಿದ್ದಾರೆ ಎಂದೆ. ಚೆನ್ನಾಗಿದ್ದಾರೆ, ಇನ್ನೂ ಎದ್ದಿಲ್ಲ, ಈಚೆಗೆ ಬೆಳಿಗ್ಗೆ ಹೊತ್ತು ಬಹಳ ನಿದ್ದೆ ಮಾಡುತ್ತಾರೆ, ಎಬ್ಬಿಸಲೇ ಎಂದು ಕೇಳಿದಳು.

ಬೇಡ, ಮಲಗಲಿ ಎಂದೆ. ತೆಪ್ಪದವನು ಆಗಲೇ ಎದ್ದು, ಆಚೆ ದಡದಲ್ಲಿ ಹುಲ್ಲಿನ ಹೊರೆ ಹೊತ್ತು ಕೂಗುತ್ತಿದ್ದ ಹೆಂಗಸನ್ನು ಕರೆತರಲು ತೆಪ್ಪವನ್ನು ನೀರಿಗೆ ತಳ್ಳುತ್ತಿದ್ದ.